ಹಚ್ಚೆಯ ಸೂಜಿ

ದೇಹವನ್ನು ಸಿಂಗರಿಸಿಕೊಳ್ಳಬೇಕೆಂಬ ಆಸೆ ಮಾನವನಷ್ಟೇ ಪುರಾತನವಾದುದು. ಹೂವು, ಒಡವೆ, ಬಟ್ಟೆ, ಬಣ್ಣ ಇವೆಲ್ಲ ಮೈಮೇಲೆ ಕೆಲಕಾಲ ಇದ್ದು ಇಳಿದುಹೋಗುವ ಅಲಂಕಾರಗಳು. ಬೆಳಗ್ಗೆ ಮುಡಿದ ಹೂವು ಸಂಜೆಗೆ ಬಾಡುತ್ತದೆ. ಹಬ್ಬಕ್ಕೆ ತೊಟ್ಟ ಒಡವೆ ಮರುದಿನ ಪೆಟ್ಟಿಗೆ ಸೇರುತ್ತದೆ. ಆದರೆ ಎರಡು ಅಲಂಕಾರಗಳು ಮಾತ್ರ ಮೈಯ ಮೇಲೆ ನಿಲ್ಲದೆ ಮೈಯ ಒಳಕ್ಕೆ ಇಳಿಯುತ್ತವೆ. ಒಂದು ಹಚ್ಚೆ, ಇನ್ನೊಂದು ಕಿವಿ ಮೂಗುಗಳನ್ನು ಚುಚ್ಚಿಸಿಕೊಂಡು ತೊಡುವ ಓಲೆ, ಮೂಗುತಿ ಮೊದಲಾದವು. ಇವೆರಡಕ್ಕೂ ಸೂಜಿ ಬೇಕು. ಸೂಜಿ ಚರ್ಮವನ್ನು ಭೇದಿಸಿದ ಕ್ಷಣದಲ್ಲಿಯೇ ಅಲಂಕಾರದ ವಿಷಯವು ಆರೋಗ್ಯದ ವಿಷಯವೂ ಆಗಿಬಿಡುತ್ತದೆ.

ಹಚ್ಚೆಯ ಇತಿಹಾಸ ಬಹು ದೀರ್ಘವಾದುದು. 1991ರಲ್ಲಿ ಆಸ್ಟ್ರಿಯ ಮತ್ತು ಇಟಲಿ ದೇಶಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತದ ಹಿಮರಾಶಿಯಲ್ಲಿ ಹುದುಗಿದ್ದ ಮಾನವ ಶರೀರವೊಂದು ದೊರೆಯಿತು. ಅದು ಸುಮಾರು 5,300 ವರ್ಷಗಳ ಹಿಂದೆ ಬದುಕಿದ್ದವನ ಶರೀರವೆಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ಹಿಮದಲ್ಲಿ ಕೆಡದೆ ಉಳಿದಿದ್ದ ಆ ಚರ್ಮದ ಮೇಲೆ 61 ಹಚ್ಚೆಯ ಗುರುತುಗಳು ಕಂಡುಬಂದವು. ಲೋಹದ ಬಳಕೆ ಇನ್ನೂ ಎಳೆಯದಾಗಿದ್ದ ಆ ಕಾಲದಲ್ಲಿಯೇ ಮನುಷ್ಯ ತನ್ನ ಮೈಯಲ್ಲಿ ಮಸಿಯ ಗೆರೆಗಳನ್ನು ಮೂಡಿಸಿಕೊಳ್ಳುತ್ತಿದ್ದನೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡ ನಾಡಿನಲ್ಲಿಯೂ ಹಚ್ಚೆ ಅಪರಿಚಿತವಾದುದಲ್ಲ. ಹಳ್ಳಿಗಳಲ್ಲಿ ಇಂದಿಗೂ ಮುದುಕಿಯರ ಮುಂಗೈಯಲ್ಲಿ ಹಸಿರು ಛಾಯೆಗೆ ತಿರುಗಿದ ಚಿತ್ತಾರಗಳನ್ನು ಕಾಣಬಹುದು. ಚುಕ್ಕೆಗಳನ್ನು ಸುತ್ತುವರಿದ ರಂಗೋಲಿಯ ಎಳೆ, ತುಳಸಿಕಟ್ಟೆ, ಚೇಳು, ನವಿಲು, ಒಡಹುಟ್ಟಿದವರ ಹೆಸರು ಹೀಗೆ ಅವುಗಳಲ್ಲಿ ನಾನಾ ಬಗೆ. ಸುಗ್ಗಿ ಮುಗಿದ ಮೇಲೆ ಊರೂರು ಸುತ್ತುತ್ತಿದ್ದ ಕೊರವಂಜಿಯರು ಜಗಲಿಯ ಮೇಲೆ ಕುಳಿತು, ಹಾಡು ಹೇಳುತ್ತ, ನೋವನ್ನು ಮರೆಸುತ್ತ ಹಚ್ಚೆ ಹೊಯ್ಯುತ್ತಿದ್ದರು. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಅರೆದು ಮಸಿ ಮಾಡುವುದು, ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುವುದು, ಕೊನೆಗೆ ಅರಿಸಿನ ಹಚ್ಚುವುದು ವಾಡಿಕೆ. ಸತ್ತಾಗ ಚಿನ್ನ ಬೆಳ್ಳಿಗಳು ಹಿಂದೆ ಉಳಿಯುತ್ತವೆ, ಜೊತೆಯಲ್ಲಿ ಬರುವ ಒಡವೆ ಹಚ್ಚೆಯೊಂದೇ ಎಂಬ ನಂಬಿಕೆ ಆ ಹೆಂಗಸರಲ್ಲಿ ಬಲವಾಗಿತ್ತು. ಕಿವಿ ಚುಚ್ಚುವ ಶಾಸ್ತ್ರವಂತೂ ಮನೆಮನೆಯ ಮಾತು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅಕ್ಕಸಾಲಿಗನು ಚಿನ್ನದ ತಂತಿಯಿಂದ ಕಿವಿ ಚುಚ್ಚುತ್ತಿದ್ದನು.

ಆ ಹಿರಿಯರು ಚುಚ್ಚುವುದನ್ನು ಬಲ್ಲವರಾಗಿದ್ದರು. ಆದರೆ ಕಣ್ಣಿಗೆ ಕಾಣದ ರೋಗಾಣುಗಳ ಲೋಕವೊಂದಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಒಂದೇ ಸೂಜಿಗಟ್ಟು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಕೈಗಳಲ್ಲಿಯೂ ಆಡಿ ಬರುತ್ತಿತ್ತು. ಅದು ಅವರ ತಪ್ಪಲ್ಲ. ಆ ಕಾಲದ ತಿಳಿವಳಿಕೆಯ ಮಿತಿ. ಇಂದು ತಿಳಿವಳಿಕೆ ಬೆಳೆದಿದೆ. ಹಚ್ಚೆಯೂ ಜಗಲಿಯನ್ನು ಬಿಟ್ಟು ನಗರದ ಅಂಗಡಿಗಳನ್ನು, ಜಾತ್ರೆಯ ಮಳಿಗೆಗಳನ್ನು ಸೇರಿದೆ. ತರುಣರಲ್ಲಿ 'ಟ್ಯಾಟೂ' ಎಂಬ ಹೆಸರಿನಿಂದ ಮತ್ತೆ ಮೆರೆಯುತ್ತಿದೆ. ತಿಳಿದೂ ಹಳೆಯ ರೀತಿಯಲ್ಲಿಯೇ ನಡೆದರೆ ಅದು ತಪ್ಪಾಗುತ್ತದೆ.

ಹಚ್ಚೆ ಹಾಕುವಾಗ ಮೈಯಲ್ಲಿ ನಡೆಯುವುದೇನು? ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಹೊರಚರ್ಮ, ಅದರ ಕೆಳಗಿನದು ಒಳಚರ್ಮ. ಹೊರಚರ್ಮದ ಕೋಶಗಳು ದಿನದಿನವೂ ಸವೆದು ಉದುರುತ್ತವೆ. ಅವುಗಳ ಸ್ಥಾನಕ್ಕೆ ಹೊಸವು ಬರುತ್ತವೆ. ಮಸಿಯು ಅಲ್ಲಿಯೇ ನಿಂತರೆ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ. ಆದುದರಿಂದ ಸೂಜಿಯು ಅದನ್ನು ದಾಟಿ ಒಳಚರ್ಮಕ್ಕೆ, ಎಂದರೆ ಒಂದೆರಡು ಮಿಲಿಮೀಟರು ಆಳಕ್ಕೆ, ಮಸಿಯನ್ನು ಇಳಿಸಬೇಕು. ಅಲ್ಲಿ ಸೂಕ್ಷ್ಮವಾದ ರಕ್ತನಾಳಗಳು ಹರಡಿಕೊಂಡಿವೆ. ಪರಕೀಯವಾದ ವಸ್ತು ಒಳಹೊಕ್ಕಿತೆಂದು ತಿಳಿದ ದೇಹವು ತನ್ನ ಕಾವಲುಗಾರರಾದ ಭಕ್ಷಕ ಕೋಶಗಳನ್ನು ಅತ್ತ ಕಳುಹಿಸುತ್ತದೆ. ಅವು ಮಸಿಯ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಒಂದು ಭಕ್ಷಕ ಕೋಶ ಸತ್ತರೆ ಅದು ಚೆಲ್ಲಿದ ಮಸಿಯನ್ನು ಮತ್ತೊಂದು ನುಂಗಿಕೊಳ್ಳುತ್ತದೆ. ಫ್ರಾನ್ಸ್ ದೇಶದ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ 2018ರಲ್ಲಿ ಇದನ್ನು ತೋರಿಸಿಕೊಟ್ಟರು. ಹಚ್ಚೆ ಅಳಿಯದೆ ಉಳಿಯುವುದರ ಗುಟ್ಟು ಇದೇ. ಕಲೆಯೆಂದು ನಾವು ಮೆಚ್ಚುವುದನ್ನು ದೇಹವು ಎಂದಿಗೂ ಮುಗಿಯದ ಕಾವಲಿನ ಕೆಲಸವೆಂದು ಬಗೆಯುತ್ತದೆ.

ಆದುದರಿಂದ ಮೊದಲು ಅರಿಯಬೇಕಾದ ಮಾತೊಂದಿದೆ: ಹಚ್ಚೆಯೆಂದರೆ ಗಾಯ, ಕಿವಿ ಚುಚ್ಚುವುದೂ ಗಾಯವೇ. ಅದು ಸುಂದರವಾದ ಗಾಯವಾಗಿರಬಹುದು, ತಾನಾಗಿ ಬಯಸಿ ಪಡೆದ ಗಾಯವಾಗಿರಬಹುದು, ಆದರೂ ಗಾಯವೇ. ಹಚ್ಚೆಯಂಗಡಿಗಳಿಗೆ ವಿಧಿಸಲಾಗಿರುವ ಆರೋಗ್ಯದ ನಿಯಮಗಳೆಲ್ಲವೂ ಈ ಒಂದು ಸತ್ಯದಿಂದಲೇ ಹುಟ್ಟಿವೆ.

ಹಿಂದೆ ಕೈಯಿಂದ ಚುಚ್ಚುತ್ತಿದ್ದಾಗ ಗಾಯಗಳ ಸಂಖ್ಯೆಗೆ ಒಂದು ಮಿತಿ ಇತ್ತು. 1876ರಲ್ಲಿ ಎಡಿಸನ್ ಬರಹದ ನಕಲುಗಳನ್ನು ತೆಗೆಯಲೆಂದು ವಿದ್ಯುತ್ ಲೇಖನಿಯೊಂದಕ್ಕೆ ಹಕ್ಕುಪತ್ರ ಪಡೆದನು. ಕಾಗದದಲ್ಲಿ ವೇಗವಾಗಿ ರಂಧ್ರಗಳನ್ನು ಕೊರೆಯುವ ಆ ಉಪಕರಣದ ತತ್ತ್ವವನ್ನೇ ಅನುಸರಿಸಿ, ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತನು 1891ರಲ್ಲಿ ವಿದ್ಯುತ್ತಿನ ಹಚ್ಚೆಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಯಂತ್ರಗಳ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚರ್ಮವನ್ನು ಚುಚ್ಚಬಲ್ಲದು. ಅಂಗೈಯಗಲದ ಒಂದು ಚಿತ್ರ ಮುಗಿಯುವುದರೊಳಗೆ ಚರ್ಮದಲ್ಲಿ ಅಸಂಖ್ಯವಾದ ಬಾಗಿಲುಗಳು ತೆರೆದಿರುತ್ತವೆ. ಮಸಿಯು ಒಳಹೋಗುವ ಬಾಗಿಲಿನಿಂದಲೇ ರೋಗಾಣುವೂ ಒಳಹೋಗಬಲ್ಲದು.

ಹೀಗೆ ನುಸುಳುವ ರೋಗಾಣುಗಳು ಹಲವು. ಚರ್ಮದ ಮೇಲೆಯೇ ಇರುವ ಬ್ಯಾಕ್ಟೀರಿಯಗಳು ಗಾಯವನ್ನು ಕೀವುಗಟ್ಟಿಸುತ್ತವೆ. ಇದು ಕಣ್ಣಿಗೆ ಕಾಣುತ್ತದೆ. ಚಿಕಿತ್ಸೆಗೂ ಬೇಗ ಬಗ್ಗುತ್ತದೆ. ಹೆಚ್ಚು ಭಯಂಕರವಾದವು ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ದಾಟುವ ವೈರಸ್ಸುಗಳು. ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ವೈರಸ್ಸುಗಳು ಯಕೃತ್ತನ್ನು ಹಾಳುಮಾಡುತ್ತವೆ, ಎಚ್.ಐ.ವಿ. ದೇಹದ ರೋಗನಿರೋಧಕ ಶಕ್ತಿಯನ್ನೇ ಕುಂದಿಸುತ್ತದೆ. ಈ ಮೂರರಲ್ಲಿ ಹೆಪಟೈಟಿಸ್ ಬಿ ಅತ್ಯಂತ ಸುಲಭವಾಗಿ ಹರಡುತ್ತದೆ. ಇದರ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿ, ದೇಹದ ಹೊರಗೆ, ಏಳು ದಿನಗಳವರೆಗೂ ಸಾಮರ್ಥ್ಯ ಉಳಿಸಿಕೊಂಡಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು. ಸೋಂಕು ತಗುಲಿದ ದಿನ ನೋವಿಲ್ಲ, ಜ್ವರವಿಲ್ಲ. ಕಾಮಾಲೆಯ ಲಕ್ಷಣಗಳು ಕಾಣಿಸಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕಾಗಬಹುದು. ಕೆಲವರಲ್ಲಿ ಯಾವ ಲಕ್ಷಣವೂ ಇಲ್ಲದೆ ವರ್ಷಗಳು ಉರುಳಬಹುದು. ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆಗೂ, ಹತ್ತಾರು ವರ್ಷಗಳ ಅನಂತರ ಕಾಣಿಸಿಕೊಂಡ ಯಕೃತ್ತಿನ ರೋಗಕ್ಕೂ ನಂಟು ಇರಬಹುದೆಂದು ಯಾರಿಗೂ ಹೊಳೆಯುವುದೇ ಇಲ್ಲ. ಈ ಅಪಾಯದ ಕ್ರೂರತೆ ಇರುವುದು ಇಲ್ಲಿಯೇ.

ಈ ಸಮಸ್ಯೆಯನ್ನು ಎದುರಿಸಿದ ನಗರಗಳಲ್ಲಿ ನ್ಯೂಯಾರ್ಕ್ ಒಂದು. ಅಲ್ಲಿನ ಅನುಭವ ಇಡೀ ಜಗತ್ತಿಗೆ ಪಾಠವಾಗುವಂತಹುದು. ಆ ನಗರದ ಸಮುದ್ರತೀರದ ವಿಹಾರಸ್ಥಾನವಾದ ಕೋನಿ ಐಲೆಂಡಿನಲ್ಲಿ ಹಚ್ಚೆಯಂಗಡಿಗಳಿದ್ದವು. ಕಾಮಾಲೆ ತಗುಲಿದವರಲ್ಲಿ ಕೆಲವರು ಅಲ್ಲಿ ಹಚ್ಚೆ ಹಾಕಿಸಿಕೊಂಡವರೆಂದು ಆರೋಗ್ಯ ಇಲಾಖೆ ಗುರುತಿಸಿತು. 1961ರಲ್ಲಿ ನಗರದಾದ್ಯಂತ ಹಚ್ಚೆ ಹಾಕುವುದನ್ನೇ ನಿಷೇಧಿಸಲಾಯಿತು. ಆಗ ಹೆಪಟೈಟಿಸ್ ಬಿ ವೈರಸ್ಸನ್ನು ಯಾರೂ ಗುರುತಿಸಿರಲಿಲ್ಲ. ಬರೂಕ್ ಬ್ಲೂಂಬರ್ಗ್ ಎಂಬ ವಿಜ್ಞಾನಿ ಅದರ ಸುಳಿವನ್ನು ರಕ್ತದಲ್ಲಿ ಕಂಡು ಪ್ರಕಟಿಸಿದುದು 1965ರಲ್ಲಿ. ಅದಕ್ಕಾಗಿ ಅವನಿಗೆ ನೊಬೆಲ್ ಪಾರಿತೋಷಕ ದೊರೆತುದು 1976ರಲ್ಲಿ. ಶತ್ರುವಿನ ಮುಖ ಕಾಣದಿದ್ದರೂ ಅವನು ಬರುವ ದಾರಿಯನ್ನು ಅಧಿಕಾರಿಗಳು ಊಹಿಸಿದ್ದರು.

ನಿಷೇಧವನ್ನು ಪ್ರಶ್ನಿಸಿ ಹಚ್ಚೆಗಾರರು ನ್ಯಾಯಾಲಯದ ಮೆಟ್ಟಿಲೇರಿದರು. 1966ರಲ್ಲಿ ಆ ರಾಜ್ಯದ ಉನ್ನತ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಜನರ ಆಸೆಗೆ ಬೀಗ ಹಾಕುವುದು ಸಾಧ್ಯವಾಯಿತೇ? ಅಂಗಡಿಗಳು ಮುಚ್ಚಿದವು, ಹಚ್ಚೆ ನಿಲ್ಲಲಿಲ್ಲ. ಮನೆಯ ಒಳಕೋಣೆಗಳಲ್ಲಿ, ನೆಲಮಾಳಿಗೆಗಳಲ್ಲಿ ಅದು ಗುಟ್ಟಾಗಿ ನಡೆಯಿತು. ಬೀದಿಯಲ್ಲಿರುವ ಅಂಗಡಿಗೆ ತನಿಖಾಧಿಕಾರಿ ಹೋಗಬಲ್ಲ. ಇಲ್ಲದಿರುವ ಅಂಗಡಿಗೆ ಹೋಗುವ ಬಗೆ ಹೇಗೆ? ಕೊನೆಗೆ 1997ರಲ್ಲಿ ನಿಷೇಧವನ್ನು ತೆಗೆದುಹಾಕಿದರು. ಅದರ ಸ್ಥಾನದಲ್ಲಿ ಪರವಾನಗಿಯ ಪದ್ಧತಿ ಬಂದಿತು. ಸೋಂಕು ತಡೆಯುವ ಕ್ರಮಗಳನ್ನು ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಸೂಜಿ ಹಿಡಿಯುವ ಅನುಮತಿ. ಮೂವತ್ತಾರು ವರ್ಷಗಳ ಅನುಭವದಿಂದ ಆ ನಗರ ಕಂಡುಕೊಂಡ ದಾರಿಯಿದು: ಕೆಲಸವನ್ನು ಕತ್ತಲೆಗೆ ದೂಡುವುದಕ್ಕಿಂತ ಬೆಳಕಿಗೆ ತಂದು ನಿಯಮಕ್ಕೆ ಒಳಪಡಿಸುವುದು ಮೇಲು.

ಹಾಗಾದರೆ ಆ ನಿಯಮಗಳು ಯಾವುವು? ನಿಯಮಗಳನ್ನು ಬರಿದೆ ಬಾಯಿಪಾಠ ಮಾಡಿದರೆ ಮರೆತುಹೋಗುತ್ತವೆ. ಪ್ರತಿಯೊಂದರ ಹಿಂದಿರುವ ಕಾರಣವನ್ನು ತಿಳಿದರೆ ಅವು ಮನಸ್ಸಿನಲ್ಲಿ ನಿಲ್ಲುತ್ತವೆ.

ಎಲ್ಲಕ್ಕಿಂತ ಮೊದಲನೆಯ ನಿಯಮ, ಒಬ್ಬರಿಗೆ ಒಂದು ಸೂಜಿ. ಕಾರ್ಖಾನೆಯಲ್ಲಿಯೇ ಕ್ರಿಮಿಶುದ್ಧಿ ಮಾಡಿ, ಮುದ್ರೆಯೊತ್ತಿದ ಪೊಟ್ಟಣದಲ್ಲಿ ಬಂದ ಸೂಜಿಯನ್ನು ಗಿರಾಕಿಯ ಕಣ್ಣೆದುರಿಗೇ ಬಿಚ್ಚಬೇಕು. ಪೊಟ್ಟಣ ಹರಿದಿರಬಾರದು, ಒದ್ದೆಯಾಗಿರಬಾರದು, ಅದರ ಮೇಲಿನ ಅವಧಿ ಮೀರಿರಬಾರದು. ಕೆಲಸ ಮುಗಿದೊಡನೆ ಆ ಸೂಜಿಯನ್ನು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಹಾಕಬೇಕು. ಭಾರತ ಸರ್ಕಾರವು ಜೈವಿಕ ವೈದ್ಯಕೀಯ ತ್ಯಾಜ್ಯಗಳ ಬಗೆಗೆ 2016ರಲ್ಲಿ ರೂಪಿಸಿದ ನಿಯಮಗಳಲ್ಲಿ, ಸೂಜಿಯಂತಹ ಹರಿತವಾದ ವಸ್ತುಗಳಿಗೆ ಇಂತಹ ಬಿಳಿಯ ಪಾರಭಾಸಕ ಡಬ್ಬಿಯನ್ನೇ ಗೊತ್ತುಪಡಿಸಲಾಗಿದೆ. ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಎಸೆದರೆ ಅಪಾಯವು ಗಿರಾಕಿಯನ್ನು ಬಿಟ್ಟು, ಬರಿಗೈಯಲ್ಲಿ ಕಸ ಆಯುವ ಬಡ ಕಾರ್ಮಿಕನ ಕೈಗೆ ದಾಟುತ್ತದೆ.

ಎರಡನೆಯದು ಮಸಿಗೆ ಸಂಬಂಧಿಸಿದುದು. ದೊಡ್ಡ ಸೀಸೆಯಿಂದ ಒಬ್ಬರಿಗೆ ಬೇಕಾಗುವಷ್ಟು ಮಸಿಯನ್ನು ಮಾತ್ರ ಪುಟ್ಟ ಬಟ್ಟಲಿಗೆ ಸುರಿದುಕೊಳ್ಳಬೇಕು. ಉಳಿದುದನ್ನು ಮತ್ತೆ ಸೀಸೆಗೆ ಸುರಿಯದೆ ಚೆಲ್ಲಬೇಕು. ಸೂಜಿ ಬದಲಾಯಿಸಿ, ಮಸಿಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವುದು ವ್ಯರ್ಥ. ರಕ್ತ ಸೋಕಿದ ಸೂಜಿಯನ್ನು ಮತ್ತೆ ಮತ್ತೆ ಅದ್ದುವುದು ಆ ಮಸಿಯಲ್ಲಿಯೇ ಅಲ್ಲವೇ?

ಮೂರನೆಯದು ಕೈಯ ಶುಚಿತ್ವ. ಸಾಬೂನಿನಿಂದ ಕೈ ತೊಳೆದು, ಹೊಸ ಕೈಗವಸು ತೊಡಬೇಕು. ಕೈಗವಸು ತೊಟ್ಟ ಕೈಯಿಂದಲೇ ದೂರವಾಣಿ ಎತ್ತಿದರೆ, ಬಾಗಿಲು ತೆರೆದರೆ, ಹಣ ಎಣಿಸಿದರೆ ಅದು ಕೈಗವಸಾಗಿ ಉಳಿಯಲಿಲ್ಲ, ಕೊಳೆಯ ವಾಹನವಾಯಿತು. ಆಗ ಅದನ್ನು ತೆಗೆದು ಬೇರೊಂದನ್ನು ತೊಡಬೇಕು. ಕುರ್ಚಿ, ಮೇಜು, ಯಂತ್ರದ ತಂತಿ ಮೊದಲಾಗಿ ಕೈ ಸೋಕುವ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಬ್ಬೊಬ್ಬರ ಕೆಲಸ ಮುಗಿದ ಮೇಲೂ ಆ ಹಾಳೆಯನ್ನು ತೆಗೆದೆಸೆದು, ಸೋಂಕುನಾಶಕದಿಂದ ಒರೆಸಬೇಕು.

ನಾಲ್ಕನೆಯದು ಮತ್ತೆ ಬಳಸುವ ಉಪಕರಣಗಳ ಕ್ರಿಮಿಶುದ್ಧಿ. ಶುಚಿಯಾಗಿ ಕಾಣುವುದು ಬೇರೆ, ಕ್ರಿಮಿಶುದ್ಧವಾಗಿರುವುದು ಬೇರೆ. ತೊಳೆದರೆ ಕೊಳೆ ಹೋಗುತ್ತದೆ. ಔಷಧದ ನೀರಿನಲ್ಲಿ ಅದ್ದಿದರೆ ಹಲವು ರೋಗಾಣುಗಳು ಸಾಯುತ್ತವೆ. ಕುದಿಯುವ ನೀರಿನಲ್ಲಿಟ್ಟರೆ ಇನ್ನೂ ಹೆಚ್ಚು ಸಾಯುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಗಳು ಕಷ್ಟಕಾಲದಲ್ಲಿ ಗಟ್ಟಿಯಾದ ಕವಚದೊಳಗೆ ಅಡಗಿ ಬೀಜಾಣುಗಳಾಗುತ್ತವೆ. ಬೇಸಗೆಯ ಬಿಸಿಲಿನಲ್ಲಿ ಮಳೆಗಾಗಿ ಕಾಯುವ ಬೀಜದಂತೆ ಅವು ಕಾದಿರುತ್ತವೆ; ನೂರು ಡಿಗ್ರಿಯ ಕುದಿಯುವ ನೀರಿಗೂ ಅಂಜುವುದಿಲ್ಲ. ಇವುಗಳನ್ನು ಕೊಲ್ಲಲು ಪಾಶ್ಚರನ ಸಹೋದ್ಯೋಗಿಯಾಗಿದ್ದ ಶಾಂಬರ್ಲಾಂಡ್ ಎಂಬ ಫ್ರೆಂಚ್ ವಿಜ್ಞಾನಿ 1879ರಲ್ಲಿ ಆಟೊಕ್ಲೇವ್ ಎಂಬ ಯಂತ್ರವನ್ನು ರೂಪಿಸಿದನು. ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಅದರದೂ ಹೌದು. ಆವಿಯನ್ನು ಹೊರಬಿಡದೆ ಕೂಡಿಹಾಕಿದರೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಚದರ ಅಂಗುಲಕ್ಕೆ 15 ಪೌಂಡು ಹೆಚ್ಚಿನ ಒತ್ತಡದಲ್ಲಿ ಆವಿಯು 121 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಆವಿಯಲ್ಲಿ ಕನಿಷ್ಠ 15 ನಿಮಿಷ, ಹೊದಿಕೆಯಿರುವ ಉಪಕರಣಗಳಾದರೆ ಅದಕ್ಕೂ ಹೆಚ್ಚು ಕಾಲ ಇಟ್ಟರೆ ಬೀಜಾಣುಗಳೂ ಉಳಿಯುವುದಿಲ್ಲ. ಪೊಟ್ಟಣಕ್ಕೆ ಅಂಟಿಸಿದ ಸೂಚಕ ಪಟ್ಟಿ ಬಣ್ಣ ಬದಲಿಸಿದುದನ್ನು ನೋಡಿ, ಅದು ಬಿಸಿಯಾದ ಆವಿಯನ್ನು ಹಾದುಬಂದಿದೆಯೆಂದು ತಿಳಿಯಬಹುದು. ಯಂತ್ರ ನಿಜವಾಗಿ ಕೆಲಸಮಾಡುತ್ತಿದೆಯೇ ಎಂಬುದನ್ನು ಆಗಾಗ ಜೀವಂತ ಬೀಜಾಣುಗಳನ್ನೇ ಒಳಗಿಟ್ಟು ಪರೀಕ್ಷಿಸಬೇಕು. ಸೂಜಿಯನ್ನು ದೀಪದ ಜ್ವಾಲೆಗೆ ಒಂದು ಕ್ಷಣ ಹಿಡಿದು "ಎಲ್ಲ ಸುಟ್ಟುಹೋಯಿತು" ಎನ್ನುವವರ ಮಾತನ್ನು ನಂಬುವುದು ಸಲ್ಲದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮಸಿಯೇ ಕೆಟ್ಟುದಾಗಿದ್ದರೆ? 2011ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಹೀಗೆಯೇ ಆಯಿತು. ಹಚ್ಚೆ ಹಾಕಿಸಿಕೊಂಡ 19 ಮಂದಿಯ ಚರ್ಮದಲ್ಲಿ ವಾರಗಟ್ಟಲೆ ಮಾಯದ ಗಂಧೆಗಳೆದ್ದವು. ಕ್ಷಯರೋಗದ ಬ್ಯಾಕ್ಟೀರಿಯದ ದೂರದ ಬಳಗಕ್ಕೆ ಸೇರಿದ ಒಂದು ಸೂಕ್ಷ್ಮಜೀವಿ ಅದಕ್ಕೆ ಕಾರಣವಾಗಿತ್ತು. ತನಿಖೆ ನಡೆದಾಗ, ಮೊದಲೇ ಬೆರೆಸಿ ತಂದಿದ್ದ ಬೂದುಬಣ್ಣದ ಮಸಿಯಲ್ಲಿಯೇ ದೋಷವಿದೆಯೆಂದು ತಿಳಿಯಿತು. ಆದುದರಿಂದಲೇ ಮಸಿಯನ್ನು ತೆಳುವಾಗಿಸಲು ನಲ್ಲಿಯ ನೀರು ಸಲ್ಲದು, ಬಟ್ಟಿಯಿಳಿಸಿದ ನೀರೂ ಸಾಲದು, ಕ್ರಿಮಿಶುದ್ಧಿ ಮಾಡಿದ ನೀರೇ ಆಗಬೇಕೆಂಬ ನಿಯಮವಿದೆ.

ಮಸಿಯ ರಾಸಾಯನಿಕ ಗುಣವೂ ಗಮನಾರ್ಹವಾದುದು. ಅದು ಚರ್ಮದಲ್ಲಿಯೇ ಕುಳಿತಿರುವುದಿಲ್ಲ. ಕೆಲವು ಕಣಗಳು ದುಗ್ಧಗ್ರಂಥಿಗಳವರೆಗೂ ಸಾಗುತ್ತವೆ. ಈ ಕಾರಣದಿಂದ ಯುರೋಪಿನ ಒಕ್ಕೂಟವು ಹಚ್ಚೆಯ ಮಸಿಯಲ್ಲಿರುವ ಸಾವಿರಾರು ರಾಸಾಯನಿಕ ವಸ್ತುಗಳಿಗೆ ಮಿತಿ ಹಾಕಿತು. ಆ ನಿಯಮ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಕರ್ನಾಟಕದಲ್ಲಿಯೂ ಈ ವಿಚಾರಕ್ಕೆ ಗಮನ ದೊರೆತಿದೆ. ಹಚ್ಚೆಯ ಮಸಿಯ ಮಾದರಿಗಳಲ್ಲಿ ಹಾನಿಕರವಾದ ಲೋಹಗಳು ಕಂಡುಬಂದಿವೆಯೆಂದೂ, ಮಸಿಯ ಗುಣಮಟ್ಟಕ್ಕೆ ಮಾನದಂಡಗಳನ್ನು ಗೊತ್ತುಪಡಿಸುವಂತೆ ಕೇಂದ್ರ ಸರ್ಕಾರಕ್ಕೆ ಪತ್ರ ಬರೆಯಲಾಗುವುದೆಂದೂ ರಾಜ್ಯದ ಆರೋಗ್ಯ ಸಚಿವರು 2025ರಲ್ಲಿ ಪ್ರಕಟಿಸಿದರು.

ಕಿವಿ ಮೂಗುಗಳನ್ನು ಚುಚ್ಚುವುದಕ್ಕೂ ಮೇಲಿನ ನಿಯಮಗಳೆಲ್ಲ ಅನ್ವಯಿಸುತ್ತವೆ. ಅವುಗಳ ಜೊತೆಗೆ ಇನ್ನೆರಡು ಸಂಗತಿಗಳನ್ನು ತಿಳಿದಿರಬೇಕು. ಕಿವಿಯ ಹಾಲೆ ಮೃದುವಾದ ಮಾಂಸದಿಂದಾಗಿದೆ. ಅಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯ ಆರೆಂಟು ವಾರಗಳಲ್ಲಿ ಮಾಯುತ್ತದೆ. ಕಿವಿಯ ಮೇಲ್ಭಾಗವಾದರೋ ಮೃದ್ವಸ್ಥಿಯಿಂದಾದುದು. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಅಲ್ಲಿನ ಗಾಯ ಮಾಯಲು ಹಲವು ತಿಂಗಳುಗಳು ಬೇಕು. ಸೋಂಕು ಸೇರಿದರೆ ಔಷಧವೂ ಅಲ್ಲಿಗೆ ಸುಲಭವಾಗಿ ತಲುಪದು. ಕಿವಿಯ ಆಕಾರವೇ ಕೆಡಬಹುದು. ಅಂಗಡಿಗಳಲ್ಲಿ ಬಳಸುವ ಕಿವಿ ಚುಚ್ಚುವ ಪಿಸ್ತೂಲು ಮೊಂಡಾದ ಓಲೆಯನ್ನೇ ರಭಸದಿಂದ ಒಳಕ್ಕೆ ತಳ್ಳುತ್ತದೆ. ಪ್ಲಾಸ್ಟಿಕ್ಕಿನ ಭಾಗಗಳಿರುವ ಪಿಸ್ತೂಲನ್ನು ಆಟೊಕ್ಲೇವಿನಲ್ಲಿ ಇಡಲೂ ಆಗದು. ಆದುದರಿಂದ ತಿಳಿದವರು ಕ್ರಿಮಿಶುದ್ಧವಾದ ಟೊಳ್ಳು ಸೂಜಿಯನ್ನೇ ಬಳಸುತ್ತಾರೆ. ಎರಡನೆಯದು ಲೋಹದ ಆಯ್ಕೆ. ಅಗ್ಗದ ಓಲೆಗಳಲ್ಲಿರುವ ನಿಕಲ್ ಅನೇಕರ ಚರ್ಮಕ್ಕೆ ಒಗ್ಗದೆ ತುರಿಕೆ, ಹುಣ್ಣುಗಳನ್ನು ಉಂಟುಮಾಡುತ್ತದೆ. ಹೊಸ ಗಾಯಕ್ಕೆ ಟೈಟೇನಿಯಂ ಅಥವಾ ಉತ್ತಮ ಚಿನ್ನ ಲೇಸು. ಕಿವಿ ಚುಚ್ಚಲು ಚಿನ್ನದ ತಂತಿಯನ್ನೇ ಆರಿಸಿಕೊಂಡ ಹಿರಿಯರ ವಾಡಿಕೆಯಲ್ಲಿ ವಿವೇಕವಿದ್ದುದು ಹೀಗೆ ತಿಳಿಯುತ್ತದೆ.

ಅಂಗಡಿಯ ಹೊಣೆ ಮುಗಿದ ಮೇಲೆ ಗಿರಾಕಿಯ ಹೊಣೆ ಮೊದಲಾಗುತ್ತದೆ. ಗಾಯವನ್ನು ಶುದ್ಧವಾದ ನೀರು, ಸಾಬೂನುಗಳಿಂದ ಮೆಲ್ಲನೆ ತೊಳೆಯಬೇಕು, ಕೆರೆ ಬಾವಿಗಳಲ್ಲಿ ಈಜಬಾರದು, ಹಕ್ಕಳೆಯನ್ನು ಕೀಳಬಾರದು. ಕೆಂಪು, ಊತ, ಕೀವು, ಜ್ವರ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಹಚ್ಚೆ ಹಾಕಿಸಿಕೊಂಡವರು ಹನ್ನೆರಡು ತಿಂಗಳವರೆಗೆ ರಕ್ತದಾನ ಮಾಡಬಾರದೆಂಬ ನಿಯಮ ನಮ್ಮ ದೇಶದಲ್ಲಿದೆ. ಇದು ಅವರಿಗೆ ವಿಧಿಸಿದ ಶಿಕ್ಷೆಯಲ್ಲ. ರಕ್ತ ಪಡೆಯುವ ರೋಗಿಗೆ ಕೊಟ್ಟ ರಕ್ಷಣೆ.

ಈಗಾಗಲೇ ಜಾತ್ರೆಯಲ್ಲೋ ಬೀದಿಯಲ್ಲೋ ಹಚ್ಚೆ ಹಾಕಿಸಿಕೊಂಡವರು ಹೆದರಿ ಕುಗ್ಗಬೇಕಾಗಿಲ್ಲ. ನಾಚಿ ಮುಚ್ಚಿಡುವುದಂತೂ ಸಲ್ಲದು. ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯಿದೆ. ನಮ್ಮ ದೇಶದಲ್ಲಿ ಅದು ಶಿಶುಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಯೇ ಸೇರಿದೆ. ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆಯಿಲ್ಲದಿದ್ದರೂ ಅದನ್ನು ಗುಣಪಡಿಸುವ ಮಾತ್ರೆಗಳು ಬಂದಿವೆ. ಎಚ್.ಐ.ವಿ. ಸೋಂಕಿತರಿಗೆ 2004ರಿಂದ ಸರ್ಕಾರವು ಉಚಿತವಾಗಿ ಔಷಧ ನೀಡುತ್ತಿದೆ. ಬೇಗ ತಿಳಿದರೆ ಬೇಗ ಚಿಕಿತ್ಸೆ. ರೋಗ ತಗುಲಿದವರನ್ನು ದೂರವಿಡುವುದು ಅಜ್ಞಾನ. ರೋಗ ತಗುಲುವ ದಾರಿಯನ್ನು ಮುಚ್ಚುವುದು ವಿವೇಕ.

ವಯಸ್ಸಿನ ಮಾತೂ ಇಲ್ಲಿ ಬರುತ್ತದೆ. ಬ್ರಿಟನ್ನಿನಲ್ಲಿ 18 ವರ್ಷ ತುಂಬದವರಿಗೆ ಹಚ್ಚೆ ಹಾಕುವುದನ್ನು 1969ರ ಕಾಯಿದೆ ನಿಷೇಧಿಸಿದೆ. ನಮ್ಮಲ್ಲಿಯೂ ಹೊಣೆಯರಿತ ಅಂಗಡಿಯವರು ಕಿರಿಯರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಇದರಲ್ಲಿ ನ್ಯಾಯವಿದೆ. ಹದಿನಾಲ್ಕರ ಹರೆಯದಲ್ಲಿ ಪ್ರಾಣಕ್ಕಿಂತ ಮಿಗಿಲಾಗಿ ತೋರಿದ ಹೆಸರು ಇಪ್ಪತ್ತನಾಲ್ಕರಲ್ಲಿ ಬೇಡವೆನಿಸಬಹುದು. ಹಚ್ಚೆಯನ್ನು ಹಾಕಲು ಒಂದು ಗಂಟೆ ಸಾಕು; ಲೇಸರ್ ಕಿರಣಗಳಿಂದ ಅದನ್ನು ತೆಗೆಸಲು ಹಲವು ತಿಂಗಳುಗಳು, ಬಹಳ ಹಣ, ಮತ್ತಷ್ಟು ನೋವು ಬೇಕು. ಹಾಗಿದ್ದೂ ಗುರುತು ಪೂರ್ತಿ ಅಳಿಯುವುದೆಂಬ ಭರವಸೆಯಿಲ್ಲ.

ತೇರಿನ ದಿನ. ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನ ಕೊನೆಯಲ್ಲಿ ಚಾಪೆ ಹಾಸಿಕೊಂಡು ಒಬ್ಬನು ಕುಳಿತಿದ್ದಾನೆ. ಎದುರಿಗೆ ಚಿತ್ರಗಳ ಹಲಗೆ, ಪಕ್ಕದಲ್ಲಿ ಬ್ಯಾಟರಿಯ ಯಂತ್ರ, ಒಂದೇ ಬಟ್ಟಲಿನಲ್ಲಿ ಮಸಿ. ಅವನು ಕೆಟ್ಟವನಲ್ಲ, ಹೊಟ್ಟೆಪಾಡಿಗಾಗಿ ದುಡಿಯುವವನು. ಬೆಲೆಯೂ ಅಗ್ಗ. ಗೆಳೆಯರು "ಹಾಕಿಸಿಕೊಳ್ಳೋ, ಹೆದರಿಕೆಯೇನು?" ಎಂದು ಒಬ್ಬ ಹುಡುಗನನ್ನು ಮುಂದಕ್ಕೆ ತಳ್ಳುತ್ತಾರೆ. ಆ ಹುಡುಗನು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಸೂಜಿ ಹೊಸದೇ? ಮಸಿ ಯಾರಿಗೆ ಬಳಸಿದುದು? ಕೈಯನ್ನು ಯಾವಾಗ ತೊಳೆದಿರಿ? ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಕೈಯನ್ನು ಹಿಂದಕ್ಕೆ ಎಳೆದುಕೊಂಡು ನಡೆಯಬೇಕು. ಗೆಳೆಯರು ನಗಬಹುದು, ಆ ನಗು ತೇರು ನಿಲ್ಲುವುದರೊಳಗೆ ಮರೆತುಹೋಗುತ್ತದೆ.

ಕಾನೂನು ಅಂಗಡಿಗೆ ಪರವಾನಗಿ ಕೊಡಬಹುದು. ತನಿಖಾಧಿಕಾರಿ ವರ್ಷಕ್ಕೊಮ್ಮೆ ಬಂದು ನೋಡಬಹುದು. ಆದರೆ ಸೂಜಿ ಚರ್ಮವನ್ನು ಮುಟ್ಟುವ ಘಳಿಗೆಯಲ್ಲಿ ಅಲ್ಲಿರುವವರು ಇಬ್ಬರೇ, ಚುಚ್ಚುವವನು ಮತ್ತು ಚುಚ್ಚಿಸಿಕೊಳ್ಳುವವನು. ಮೊದಲನೆಯವನಿಗೆ ಹೊಣೆಯರಿವು ಇರಬೇಕು. ಎರಡನೆಯವನಿಗೆ ಕೇಳುವ ಧೈರ್ಯವಿರಬೇಕು. ಇವೆರಡೂ ಕೂಡಿದಲ್ಲಿ ಹಚ್ಚೆ ಅಲಂಕಾರವಾಗಿಯೇ ಉಳಿಯುತ್ತದೆ.